ಸೆನ್ಸರ್ ಮೊದಲು, ಪಂಪ್ ಆಮೇಲೆ

ಮೈಮೇಲೆ ಕೂತು ಶುಗರ್ ಅಳೆಯುತ್ತಲೇ ಇರುವ ಸೆನ್ಸರ್ ಮತ್ತು ಕೊಳವೆಯಿಂದ ಇನ್ಸುಲಿನ್ ಹರಿಸುತ್ತಿರುವ ಪಂಪ್, ಎರಡನ್ನೂ ಒಂದೇ ದಿನ ಶುರು ಮಾಡಬೇಡಿ. ನಾನು ಹಿಡಿದ ಕ್ರಮ ಹೀಗಿತ್ತು: ಮೊದಲ ಎರಡು ವಾರ ಇನ್ಸುಲಿನ್ ಪೆನ್ ಎಂದಿನಂತೆಯೇ, ಮೈಮೇಲೆ ಹೊಸದಾಗಿ ಬಂದದ್ದು ಸೆನ್ಸರ್ ಒಂದೇ. ಗಂಟೆಗೆ ಎಷ್ಟು ಇನ್ಸುಲಿನ್ ಹೋಗಬೇಕು, ಊಟಕ್ಕೆ ಎಷ್ಟು ಬೇಕು ಎಂದು ಪಂಪ್‌ಗೆ ಹೇಳಬೇಕಾದದ್ದನ್ನು ತಿದ್ದಿಕೊಳ್ಳಲು ಆ ಎರಡು ವಾರದ ಗ್ರಾಫ್ ಬೇಕೇ ಬೇಕು. ಎರಡೂ ಒಟ್ಟಿಗೆ ಬಂದರೆ, ಶುಗರ್ ಏರಿದಾಗ ತಪ್ಪು ಸೆನ್ಸರಿನದೋ ಪಂಪಿನದೋ ಲೆಕ್ಕದ್ದೋ ಎಂದು ತಿಳಿಯುವುದಿಲ್ಲ.

ಇಲ್ಲಿರುವ ಶುಗರ್ ಅಂಕಿಗಳೆಲ್ಲ ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕದವು. ಬರೆದಿರುವುದು ಟೈಪ್ 1 ಡಯಾಬಿಟಿಸ್ ಇರುವ ದೊಡ್ಡವರಿಗೆ. ಮಕ್ಕಳ ಮತ್ತು ಗರ್ಭಿಣಿಯರ ಗುರಿಗಳು, ಡೋಸ್‌ಗಳು ಬೇರೆ.

ಸೆನ್ಸರಿನ ತಂತಿ ಕೂತಿರುವುದು ರಕ್ತದಲ್ಲಲ್ಲ, ಚರ್ಮದ ಕೆಳಗಿನ ದ್ರವದಲ್ಲಿ. ರಕ್ತದ ಸಕ್ಕರೆ ಅಲ್ಲಿಗೆ ತಲುಪಲು 5ರಿಂದ 10 ನಿಮಿಷ ಬೇಕು. ಶುಗರ್ ಸ್ಥಿರವಾಗಿದ್ದಾಗ ಇದರಿಂದ ತೊಂದರೆಯಿಲ್ಲ. ಆದರೆ ನಿಮಿಷಕ್ಕೆ 3ರಂತೆ ಇಳಿಯುತ್ತಿದ್ದರೆ, ಸೆನ್ಸರ್ 95 ತೋರಿಸುವ ಹೊತ್ತಿಗೆ ರಕ್ತದಲ್ಲಿ 65 ಆಗಿರಬಹುದು. ಹಾಗಾಗಿ ಅಂಕಿಗಿಂತ ಮೊದಲು, ಶುಗರ್ ಎತ್ತ ಸಾಗುತ್ತಿದೆ ಎಂದು ಪರದೆಯಲ್ಲಿ ತೋರಿಸುವ ಬಾಣ ನೋಡಿ. 120 ಇದ್ದು ಬಾಣ ನೇರ ಕೆಳಗಿದ್ದರೆ ಅದು ಒಳ್ಳೆಯ ಶುಗರ್ ಅಲ್ಲ. ಈ ತಡ ಲೋ (ಶುಗರ್ 70ಕ್ಕಿಂತ ಕೆಳಗಿಳಿಯುವುದು) ಆದಮೇಲೂ ಕಾಡುತ್ತದೆ. 15 ಗ್ರಾಂ ಗ್ಲುಕೋಸ್ ತಗೊಂಡು ಕಾಲು ಗಂಟೆ ಕಳೆದರೂ ಸೆನ್ಸರ್ ಇನ್ನೂ 62 ಎನ್ನುತ್ತಿರುತ್ತದೆ. ಅದನ್ನು ನಂಬಿ ಮತ್ತೆ ಮತ್ತೆ ತಿಂದರೆ ಒಂದು ಗಂಟೆಯಲ್ಲಿ 250. ಲೋ ಆದಾಗ 15 ನಿಮಿಷದ ಪರೀಕ್ಷೆಗೆ ಬೆರಳನ್ನೇ ಚುಚ್ಚಿ.

ಹಚ್ಚುವ ಜಾಗ ತೋಳಿನ ಹಿಂಭಾಗ ಅಥವಾ ಹೊಟ್ಟೆ, ಆ ಮಾಡೆಲ್‌ಗೆ ಯಾವುದನ್ನು ಹೇಳಿದ್ದಾರೋ ಅದು. ಸೋಪಿನಿಂದ ತೊಳೆದು, ಸ್ಪಿರಿಟ್ ಹತ್ತಿಯಿಂದ ಒರೆಸಿ, ಪೂರ್ತಿ ಆರಲು ಬಿಡಿ. ಅರ್ಧಂಬರ್ಧ ಒಣಗಿದ ಚರ್ಮ, ಎಣ್ಣೆ ಅಥವಾ ಕ್ರೀಮಿನ ಪಸೆ, ಇವೆರಡರಿಂದಲೇ ಸೆನ್ಸರ್ ನಡುವಾರದಲ್ಲಿ ಕಿತ್ತು ಬರುವುದು. ಹಚ್ಚಿದ ಮೇಲೆ ಅಂಟಿನ ಅಂಚನ್ನು ಸುತ್ತಲೂ ಬೆರಳಿನಿಂದ ಒಂದು ನಿಮಿಷ ಒತ್ತಿ ಹಿಡಿಯಿರಿ. ವಾರ್ಮ್-ಅಪ್, ಅಂದರೆ ಮೊದಲ ಅಂಕಿ ಬರುವವರೆಗೆ ಕಾಯುವ ಹೊತ್ತು, ಮಾಡೆಲ್ ನೋಡಿಕೊಂಡು ಅರ್ಧ ಗಂಟೆಯಿಂದ ಎರಡು ಗಂಟೆ. ಅದು ಮುಗಿದರೂ ಮೊದಲ 24 ಗಂಟೆ ಅಂಕಿ ಅಷ್ಟು ನೆಚ್ಚುವಂತಿರುವುದಿಲ್ಲ. ಆದ್ದರಿಂದ ರಾತ್ರಿ ಮಲಗುವ ಮುನ್ನ ಬದಲಾಯಿಸದೆ, ಬೆಳಿಗ್ಗೆ ಸ್ನಾನವಾದ ಮೇಲೆ ಬದಲಾಯಿಸುತ್ತೇನೆ.

ಮೀಟರ್ ಜೊತೆ ತಾಳೆ ನೋಡುವುದು ಬಾಣ ಅಡ್ಡವಾಗಿ ನಿಂತಿರುವಾಗ ಮಾತ್ರ, ಕೈ ತೊಳೆದು. ಶುಗರ್ 100ಕ್ಕಿಂತ ಕೆಳಗಿದ್ದರೆ 20ರಷ್ಟು, ಮೇಲಿದ್ದರೆ ನೂರಕ್ಕೆ 20ರಷ್ಟು ವ್ಯತ್ಯಾಸವನ್ನು ಸಹಜವೆಂದು ಬಿಟ್ಟುಬಿಡಿ. ಕ್ಯಾಲಿಬ್ರೇಟ್ ಮಾಡಲು (ಮೀಟರಿನ ಅಂಕಿ ಕೊಟ್ಟು ಸೆನ್ಸರನ್ನು ತಿದ್ದಲು) ಬಿಡುವ ಸೆನ್ಸರ್ ಆದರೆ, ಶುಗರ್ ಓಡುತ್ತಿರುವಾಗ ಮಾಡಲೇಬೇಡಿ. ಆ ತಪ್ಪು ಗಂಟೆಗಟ್ಟಲೆ ಹಿಂಬಾಲಿಸುತ್ತದೆ.

ರಾತ್ರಿಯ ಸುಳ್ಳು ಲೋ ಬಗ್ಗೆಯೂ ತಿಳಿದಿರಲಿ. ಸೆನ್ಸರ್ ಇರುವ ಮಗ್ಗುಲಿಗೆ ಒತ್ತಿ ಮಲಗಿದರೆ ಅಲ್ಲಿನ ದ್ರವದ ಹರಿವು ಕಮ್ಮಿಯಾಗಿ ಗ್ರಾಫ್ ಬಾವಿಗೆ ಬಿದ್ದಂತೆ ಥಟ್ಟನೆ 50ಕ್ಕೆ ಇಳಿಯುತ್ತದೆ, ಮಗ್ಗುಲು ಬದಲಿಸಿದರೆ ಸ್ವಲ್ಪ ಹೊತ್ತಿನಲ್ಲೇ ಮೇಲೆ ಬರುತ್ತದೆ. ನಿಜವಾದ ಲೋ ಸಾಮಾನ್ಯವಾಗಿ ಇಳಿಜಾರಿನಲ್ಲಿ ಇಳಿಯುತ್ತದೆ. ಅನುಮಾನವಿದ್ದರೆ ಬೆರಳು ಚುಚ್ಚಿ. ಕೆಲವು ಔಷಧಿಗಳೂ ಅಂಕಿ ಕೆಡಿಸುತ್ತವೆ: ಹೈಡ್ರಾಕ್ಸಿಯೂರಿಯಾ, ಹೆಚ್ಚಿನ ಪ್ರಮಾಣದ ವಿಟಮಿನ್ ಸಿ, ಕೆಲವು ಸೆನ್ಸರ್‌ಗಳಲ್ಲಿ ಪ್ಯಾರಾಸಿಟಮಾಲ್. ನಿಮ್ಮ ಮಾಡೆಲ್‌ಗೆ ಯಾವುದು ಅಡ್ಡಿ ಎಂದು ಅದರ ಪುಸ್ತಿಕೆಯಲ್ಲಿ ನೋಡಿಕೊಳ್ಳಿ.

ಅಲಾರಂ ಇಡುವಾಗ ಆಸೆ ಕಮ್ಮಿ ಇರಲಿ. ಲೋ 70ಕ್ಕೆ, ಹೈ ಮೊದಲ ವಾರ 250ಕ್ಕೆ. ಶುರುವಿನಲ್ಲೇ 180 ಇಟ್ಟರೆ ದಿನವಿಡೀ ಕೂಗಿ ಕೂಗಿ ಕೊನೆಗೆ ಎಲ್ಲ ಅಲಾರಂ ಮುಚ್ಚಿಬಿಡುವಂತಾಗುತ್ತದೆ, ಬೇಕಾದ ಲೋ ಅಲಾರಂ ಕೂಡ. ಒಪ್ಪಿತ ಗುರಿ ಇಷ್ಟು: ದಿನದ ನೂರಕ್ಕೆ 70 ಭಾಗ 70-180ರ ನಡುವೆ, 70ಕ್ಕಿಂತ ಕೆಳಗೆ ನೂರಕ್ಕೆ 4ಕ್ಕಿಂತ ಕಮ್ಮಿ, 54ಕ್ಕಿಂತ ಕೆಳಗೆ 1ಕ್ಕಿಂತ ಕಮ್ಮಿ. ಎರಡು ವಾರದ ವರದಿಯಲ್ಲಿ ಮೊದಲು ಸರಿಮಾಡಬೇಕಾದದ್ದು ಲೋಗಳನ್ನು, ಹೈಗಳನ್ನಲ್ಲ. ಲೋ ನಿಂತರೆ, ಅದರ ಹಿಂದೆ ಬರುವ ಎಷ್ಟೋ ಹೈಗಳು ತಾವಾಗಿಯೇ ನಿಲ್ಲುತ್ತವೆ.

ಇನ್ನು ಪಂಪ್. ಇದರಲ್ಲಿ ಇರುವುದು ವೇಗದ ಇನ್ಸುಲಿನ್ ಒಂದೇ, ದೀರ್ಘಾವಧಿಯದು ಇಲ್ಲ. ಪೆನ್ ಬಳಸುವಾಗ ಒಂದು ಊಟದ ಡೋಸ್ ತಪ್ಪಿದರೂ ಕೆಳಗೊಂದು ಆಸರೆ ಇರುತ್ತಿತ್ತು. ಪಂಪ್‌ನಲ್ಲಿ ಹರಿವು ನಿಂತರೆ ಕೆಲವೇ ಗಂಟೆಗಳಲ್ಲಿ ಮೈಯಲ್ಲಿ ಇನ್ಸುಲಿನ್ನೇ ಇರುವುದಿಲ್ಲ, ಕೀಟೋನ್ (ಇನ್ಸುಲಿನ್ ಇಲ್ಲದಾಗ ಕೊಬ್ಬು ಕರಗಿ ರಕ್ತಕ್ಕೆ ಸೇರುವ ಆಮ್ಲ) ಏರತೊಡಗುತ್ತದೆ. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನಿಂದಲೇ ಬಂದದ್ದು.

ಆರಂಭದ ಲೆಕ್ಕವನ್ನು ಡಾಕ್ಟರ ಜೊತೆ ಕೂತೇ ಮಾಡಬೇಕು, ಆದರೆ ಅದು ಎಲ್ಲಿಂದ ಬರುತ್ತದೆ ಎಂದು ನಮಗೆ ಗೊತ್ತಿರಬೇಕು. ಪೆನ್‌ನಲ್ಲಿ ದಿನಕ್ಕೆ ಒಟ್ಟು 40 ಯೂನಿಟ್ ಎಂದಿಟ್ಟುಕೊಳ್ಳಿ. ಪಂಪ್‌ಗೆ ಸಾಮಾನ್ಯವಾಗಿ ಕಾಲು ಭಾಗ ಇಳಿಸುತ್ತಾರೆ: 30. ಅದರ ಅರ್ಧ, 15 ಯೂನಿಟ್, ಬೇಸಲ್, ಅಂದರೆ ಊಟವಿರಲಿ ಬಿಡಲಿ ದಿನವಿಡೀ ಸಣ್ಣಗೆ ಹರಿಯುತ್ತಿರುವ ಇನ್ಸುಲಿನ್. 24 ಗಂಟೆಗೆ ಹಂಚಿದರೆ ಗಂಟೆಗೆ ಸುಮಾರು 0.6. 450ನ್ನು 30ರಿಂದ ಭಾಗಿಸಿದರೆ 15, ಅಂದರೆ 15 ಗ್ರಾಂ ಕಾರ್ಬೋಹೈಡ್ರೇಟ್‌ಗೆ 1 ಯೂನಿಟ್. 1800ನ್ನು 30ರಿಂದ ಭಾಗಿಸಿದರೆ 60, ಅಂದರೆ 1 ಯೂನಿಟ್ ಶುಗರನ್ನು 60ರಷ್ಟು ಇಳಿಸೀತು ಎಂಬ ಅಂದಾಜು. ಇವು ಶುರುವಿನ ಅಂಕಿಗಳಷ್ಟೇ. ದೀರ್ಘಾವಧಿ ಇನ್ಸುಲಿನ್ನಿನ ಮುಂದಿನ ಡೋಸ್ ಯಾವ ಹೊತ್ತಿಗೆ ಬೇಕಿತ್ತೋ ಆ ಹೊತ್ತಿಗೆ ಪಂಪ್ ಹಚ್ಚಿ. ಹಳೆಯದರ ಪ್ರಭಾವ ಇರುವಾಗಲೇ ಹಚ್ಚಿದರೆ ಎರಡೂ ಸೇರಿ ಲೋ ಆಗುತ್ತದೆ.

ಸೆಟ್ (ಪಂಪ್‌ನಿಂದ ಮೈಗೆ ಇನ್ಸುಲಿನ್ ತರುವ ಕೊಳವೆ ಮತ್ತು ಅದರ ತುದಿಯ ಭಾಗ) ಬದಲಿಸುವ ಕೆಲಸವನ್ನು ನಿಧಾನವಾಗಿ ಕಲಿಯಿರಿ, ಪಂಪ್‌ನ ಮುಕ್ಕಾಲು ತೊಂದರೆ ಹುಟ್ಟುವುದು ಅಲ್ಲೇ. ಇನ್ಸುಲಿನ್ ಬಾಟಲಿಯನ್ನು ಫ್ರಿಜ್ಜಿನಿಂದ ಮುಂಚೆಯೇ ತೆಗೆದು ಕೋಣೆಯ ಬಿಸಿಗೆ ಬರಲು ಬಿಡಿ. ತಣ್ಣಗಿರುವಾಗ ತುಂಬಿದರೆ, ಅದು ಬೆಚ್ಚಗಾಗುತ್ತ ಕರಗಿದ್ದ ಗಾಳಿ ಹೊರಬಂದು ಕೊಳವೆಯಲ್ಲಿ ಗುಳ್ಳೆಯಾಗುತ್ತದೆ. ಗುಳ್ಳೆ ಅಪಾಯವಲ್ಲ, ಆದರೆ ಗುಳ್ಳೆ ಸಾಗುವಷ್ಟು ಹೊತ್ತು ಇನ್ಸುಲಿನ್ ಸಾಗುವುದಿಲ್ಲ. ಮೂರು ದಿನಕ್ಕೆ 90 ಯೂನಿಟ್ ಬೇಕೆಂದರೆ ಕೊಳವೆ ತುಂಬಲು ಇನ್ನೊಂದು 20 ಸೇರಿಸಿಕೊಳ್ಳಿ. ರಿಸರ್ವಾಯರನ್ನು (ಪಂಪ್‌ನಲ್ಲಿ ಇನ್ಸುಲಿನ್ ತುಂಬಿಡುವ ಕೊಳವಿ) ಬಾಯಿ ಮೇಲೆ ಮಾಡಿ ಹಿಡಿದು, ಬರೆಯುವ ಪೆನ್ನಿನಿಂದ ಪಕ್ಕಕ್ಕೆ ಟಕ್ ಟಕ್ ಎಂದು ತಟ್ಟಿದರೆ ಸಣ್ಣ ಗುಳ್ಳೆಗಳು ಮೇಲೆ ಬಂದು ಸೇರುತ್ತವೆ. ಅವನ್ನು ಬಾಟಲಿಗೇ ಹಿಂದಕ್ಕೆ ಒತ್ತಿ. ಕೊಳವೆ ತುಂಬಿಸುವಾಗ ಅದು ಮೈಗೆ ಜೋಡಿಸಿರಕೂಡದು. ಒಂದು ತಪ್ಪಿಗೆ ಹತ್ತಿಪ್ಪತ್ತು ಯೂನಿಟ್ ಒಳಗೆ ಹೋಗಿಬಿಡುತ್ತದೆ. ತುದಿಯಲ್ಲಿ ನಾಲ್ಕೈದು ಹನಿ ಸಲೀಸಾಗಿ ಉದುರಿದ ಮೇಲೆ ಮೈಗೆ ಹಚ್ಚಿ, ಸೂಜಿ ಎಳೆದು, ಕ್ಯಾನುಲಾ (ಚರ್ಮದ ಕೆಳಗೆ ಉಳಿಯುವ ಮೃದುವಾದ ಸಣ್ಣ ನಳಿಕೆ) ತುಂಬಿಸಿ. ನೇರ ಕೂರುವ ಸೆಟ್‌ಗಳಲ್ಲಿ 6 ಮಿ.ಮೀ. ಕ್ಯಾನುಲಾಗೆ ಸಾಮಾನ್ಯವಾಗಿ 0.3 ಯೂನಿಟ್, 9 ಮಿ.ಮೀ.ಗೆ 0.5.

ಸೆಟ್‌ನ ಆಯುಷ್ಯ ಸಾಮಾನ್ಯವಾಗಿ 2ರಿಂದ 3 ದಿನ. ಸ್ಟೀಲ್ ಸೂಜಿಯದಾದರೆ 2 ದಿನ. ಹೊಕ್ಕುಳಿಂದ ನಾಲ್ಕೈದು ಸೆಂ.ಮೀ. ಬಿಟ್ಟು, ಹಿಂದಿನ ಜಾಗದಿಂದ ಎರಡೂವರೆ ಸೆಂ.ಮೀ. ಆಚೆ ಹಚ್ಚಿ. ನೋವಿಲ್ಲವೆಂದು ಒಂದೇ ಜಾಗ ಹಿಡಿದರೆ ಚರ್ಮದ ಕೆಳಗೆ ಗಂಟು ಕಟ್ಟುತ್ತದೆ, ಗಂಟಿನೊಳಗೆ ಹೋದ ಇನ್ಸುಲಿನ್ ಯಾವಾಗ ಕೆಲಸ ಮಾಡುತ್ತದೋ ಹೇಳಲಾಗದು. ಬದಲಿಸುವುದು ಊಟಕ್ಕೆ ಮುಂಚೆ, ಹಗಲಲ್ಲಿ. ಊಟದ ಬೋಲಸ್ (ಒಮ್ಮೆಲೇ ಕೊಡುವ ಡೋಸ್) ಹೊಸ ಕ್ಯಾನುಲಾ ಮೂಲಕ ಹೋಗುತ್ತದೆ, ಎರಡು ಗಂಟೆಯಲ್ಲಿ ಗ್ರಾಫೇ ಹೇಳುತ್ತದೆ ಸೆಟ್ ಕೂತಿದೆಯೋ ಇಲ್ಲವೋ.

ಕಾರಣವಿಲ್ಲದೆ ಶುಗರ್ 250 ದಾಟಿದರೆ ನನ್ನ ಕ್ರಮ ಇದು. ಬೆರಳು ಚುಚ್ಚಿ ಖಚಿತಪಡಿಸಿಕೊಂಡು, ಆಗಲೇ ರಕ್ತದ ಕೀಟೋನನ್ನೂ ನೋಡುವುದು. ಅದು ಲೀಟರಿಗೆ 0.6 ಮಿಲಿಮೋಲ್‌ಗಿಂತ ಕಮ್ಮಿ ಇದ್ದರೆ ಪಂಪ್‌ನಿಂದ ಒಂದು ತಿದ್ದುಪಡಿ ಡೋಸ್, ಒಂದೂವರೆ ಗಂಟೆ ಕಾಯುವುದು. ಇಳಿಯದಿದ್ದರೆ, ಅಥವಾ ಕೀಟೋನ್ 0.6 ಮುಟ್ಟಿದ್ದರೆ, ಪಂಪ್ ಮೇಲೆ ಭರವಸೆ ಮುಗಿಯಿತು: ಡೋಸ್ ಪೆನ್‌ನಿಂದ, ನಂತರ ಸೆಟ್ ಪೂರ್ತಿ ಬದಲು. ಪೆನ್‌ನಿಂದ ಕೊಟ್ಟದ್ದು ಪಂಪ್‌ಗೆ ಗೊತ್ತಿರುವುದಿಲ್ಲ, ಮುಂದಿನ ಲೆಕ್ಕದಲ್ಲಿ ಅದನ್ನು ಕಳೆಯುವುದಿಲ್ಲ. ಹೊತ್ತು ಮತ್ತು ಯೂನಿಟ್ ಬರೆದಿಟ್ಟುಕೊಳ್ಳಿ. ಕೀಟೋನ್ 1.5 ದಾಟಿದರೆ ಡಾಕ್ಟರಿಗೆ ಫೋನ್, 3 ಮುಟ್ಟಿದರೆ ಅಥವಾ ವಾಂತಿ ಶುರುವಾದರೆ ತಡ ಮಾಡದೆ ಆಸ್ಪತ್ರೆ.

ಪಂಪ್ ಅಲಾರಂ ಕೊಡಲಿಲ್ಲವಲ್ಲ ಎಂದು ಸುಮ್ಮನಿರಬೇಡಿ. ಅದು ಅಳೆಯುವುದು ಕೊಳವೆಯೊಳಗಿನ ಒತ್ತಡವನ್ನು. ಕ್ಯಾನುಲಾ ಚರ್ಮದಿಂದ ಹೊರಗೆ ಬಂದು ಇನ್ಸುಲಿನ್ ಅಂಟಿನ ಕೆಳಗೆ ಸೋರುತ್ತಿದ್ದರೆ ಒತ್ತಡವೇ ಇರುವುದಿಲ್ಲ, ಅಲಾರಂ ಎಲ್ಲಿಂದ ಬರಬೇಕು? ಕ್ಯಾನುಲಾ ಮಡಚಿದ್ದರೂ ಗಂಟೆಗೆ 0.6ರ ಹರಿವಿನಲ್ಲಿ ಒತ್ತಡ ಏರಲು ಗಂಟೆಗಳೇ ಬೇಕು. ಬೆರಳಿಗೆ ಅಂಟು ಒದ್ದೆಯೆನಿಸಿದರೆ, ಆಸ್ಪತ್ರೆಯ ಔಷಧಿಯಂಥ ಇನ್ಸುಲಿನ್ ವಾಸನೆ ಬಂದರೆ, ಸೋರುತ್ತಿದೆ ಎಂದೇ ಅರ್ಥ. ಕಿತ್ತ ಕ್ಯಾನುಲಾವನ್ನು ಎಸೆಯುವ ಮೊದಲು ಬೆಳಕಿಗೆ ಹಿಡಿದು ನೋಡಿ: ಕೊಕ್ಕೆಯಂತೆ ಬಾಗಿದೆಯೇ, ಒಳಗೆ ರಕ್ತವಿದೆಯೇ. ಮತ್ತೆ ಮತ್ತೆ ಬಾಗುತ್ತಿದ್ದರೆ ಮೈ ತೆಳ್ಳಗಿದೆ ಎಂದು. ಓರೆಯಾಗಿ ಕೂರುವ ಸೆಟ್ ಅಥವಾ ಸ್ಟೀಲ್ ಸೂಜಿಗೆ ಬದಲಾಯಿಸಿ.

ಬೇಸಲ್ ತಿದ್ದದೆ ಊಟದ ಲೆಕ್ಕ ತಿದ್ದಿದರೆ ಎರಡೂ ಕೆಡುತ್ತವೆ. ಕೊನೆಯ ಬೋಲಸ್ ಆಗಿ ನಾಲ್ಕು ಗಂಟೆಯಾದ ಮೇಲೆ, ತಿನ್ನದೆ, ಡೋಸ್ ತಗೊಳ್ಳದೆ ಐದಾರು ಗಂಟೆ ಗ್ರಾಫ್ ನೋಡಿ. 30ಕ್ಕಿಂತ ಹೆಚ್ಚು ಏರಿಳಿಯದಿದ್ದರೆ ಆ ಹೊತ್ತಿನ ಬೇಸಲ್ ಸರಿ. ಇಳಿಯುತ್ತಿದ್ದರೆ, ಇಳಿತ ಶುರುವಾಗುವುದಕ್ಕೆ ಒಂದೆರಡು ಗಂಟೆ ಹಿಂದಿನ ದರವನ್ನು ನೂರಕ್ಕೆ 10ರಷ್ಟು ತಗ್ಗಿಸಿ. ಮೊದಲು ರಾತ್ರಿಯದು, ಆಮೇಲೆ ಹಗಲು. ಪರೀಕ್ಷೆಯ ನಡುವೆ 70ಕ್ಕೆ ಬಂದರೆ ತಿಂದು ನಿಲ್ಲಿಸಿಬಿಡಿ.

ಊಟದ ಬೋಲಸ್ ತಿನ್ನುವ 15 ನಿಮಿಷ ಮುಂಚೆ. ತಿಂದ ಒಂದೂವರೆ ಗಂಟೆಗೆ 220 ಕಂಡು ಮತ್ತೊಂದು ಡೋಸ್ ಒತ್ತಬೇಡಿ. ಹಿಂದಿನದು ಇನ್ನೂ ಕೆಲಸ ಮಾಡುತ್ತಿದೆ, ಪಂಪ್ ಪರದೆಯ ಮೇಲೆ ಎಷ್ಟು ಉಳಿದಿದೆ ಎಂದು ತೋರಿಸುತ್ತದೆ.

ತಾನಾಗಿಯೇ ಬೇಸಲ್ ಏರಿಸಿ ಇಳಿಸುವ ಆಟೋ ಮೋಡ್ ಇದ್ದರೆ, ಈ ಅಂಕಿಗಳು ಒಂದು ಹದಕ್ಕೆ ಬಂದ ಮೇಲೆ ಅದನ್ನು ಹಾಕಿ. ತಿನ್ನದ ಊಟವನ್ನು ತಿಂದೆ ಎಂದು ನಮೂದಿಸಿ ಹೆಚ್ಚು ಡೋಸ್ ಪಡೆಯಬೇಡಿ, ಅದು ಲೋಗೆ ದಾರಿ. ಈ ಮೋಡ್‌ನಲ್ಲಿ ಲೋ ಬರುವ ಮುಂಚೆಯೇ ಪಂಪ್ ಬೇಸಲ್ ನಿಲ್ಲಿಸಿರುವುದರಿಂದ ಎಷ್ಟೋ ಸಲ 5ರಿಂದ 10 ಗ್ರಾಂ ಗ್ಲುಕೋಸ್ ಸಾಕು.

ಜೊತೆಯಲ್ಲಿ ಯಾವಾಗಲೂ ಇರಬೇಕಾದದ್ದು: ಒಂದು ಸೆಟ್, ಒಂದು ರಿಸರ್ವಾಯರ್, ಇನ್ಸುಲಿನ್ ಬಾಟಲಿ, ಬ್ಯಾಟರಿ ಅಥವಾ ಚಾರ್ಜರ್, ಮೀಟರ್, ಗ್ಲುಕೋಸ್ ಮತ್ತು ಕೀಟೋನ್ ಸ್ಟ್ರಿಪ್, ಗ್ಲುಕೋಸ್ ಮಾತ್ರೆ, ವೇಗದ ಇನ್ಸುಲಿನ್ ಪೆನ್ ಮತ್ತು ಸೂಜಿ. ಫ್ರಿಜ್ಜಿನಲ್ಲಿ ಅವಧಿ ಮೀರದ ದೀರ್ಘಾವಧಿ ಇನ್ಸುಲಿನ್ ಒಂದು. ಪಂಪ್‌ನ ಎಲ್ಲ ಸೆಟ್ಟಿಂಗ್‌ಗಳ ಫೋಟೋ ಫೋನಿನಲ್ಲಿರಲಿ, ಬದಲಿಸಿದಾಗಲೆಲ್ಲ ಹೊಸದು ತೆಗೆಯಿರಿ. ಪಂಪ್ ಸತ್ತ ರಾತ್ರಿ ದೀರ್ಘಾವಧಿ ಇನ್ಸುಲಿನ್ ಎಷ್ಟು ಎಂದು ಡಾಕ್ಟರ್ ಹೇಳುವುದು ಆ ಫೋಟೋದಲ್ಲಿರುವ ಒಟ್ಟು ಬೇಸಲ್ ನೋಡಿ.