8 ಕೆಬಿಯೊಳಗೆ ಬೂಟ್‌ಲೋಡರ್ ತುರುಕಿದ ಕಥೆ

ನಮ್ಮ ಬೋರ್ಡಿನ ಫ್ಲಾಶ್‌ನಲ್ಲಿ (ಪ್ರೋಗ್ರಾಂ ಕೂರುವ ಕಾಯಂ ಮೆಮೊರಿ) ಬೂಟ್‌ಲೋಡರಿಗೆ, ಅಂದರೆ ಬೋರ್ಡ್ ಆನ್ ಆದಾಗ ಮೊದಲು ಓಡುವ ಪುಟ್ಟ ಪ್ರೋಗ್ರಾಮಿಗೆ, ಬಿಟ್ಟುಕೊಟ್ಟಿದ್ದ ಜಾಗ 8 ಕೆಬಿ. ಪ್ರೊಸೆಸರ್ ಕೋರ್ ರಿಸ್ಕ್-ಫೈವ್ ಬಗೆಯದು, ಆರ್‌ವಿ32ಐಎಂಸಿ: 32 ಬಿಟ್, ಕೊನೆಯ ‘ಸಿ’ ಎಂದರೆ ಕಿರಿದಾದ (ಕಂಪ್ರೆಸ್ಡ್) ಇನ್‌ಸ್ಟ್ರಕ್ಷನ್‌ಗಳ ಎಕ್ಸ್‌ಟೆನ್ಶನ್. ಕಂಪೈಲರ್ ಜಿಸಿಸಿಗೆ, ಕೋಡ್ ಚಿಕ್ಕದಾಗಿಸುವ -ಓಎಸ್ ಆಯ್ಕೆ ಕೊಟ್ಟಾಗಿತ್ತು, ಬಳಸದ ಫಂಕ್ಷನ್‌ಗಳನ್ನು ಲಿಂಕರ್ (ಕೋಡಿನ ತುಣುಕುಗಳನ್ನು ಜೋಡಿಸುವ ಸಾಧನ) ಕಿತ್ತುಹಾಕುತ್ತಿತ್ತು. ಆದರೂ ಜಾಗ ಸಾಲಲಿಲ್ಲ. ಡಿಸ್‌ಅಸೆಂಬ್ಲಿ, ಅಂದರೆ ಕೊನೆಗೆ ಹುಟ್ಟಿದ ಇನ್‌ಸ್ಟ್ರಕ್ಷನ್‌ಗಳ ಪಟ್ಟಿ, ತೆರೆದು ಕೂತೆ.

‘ಸಿ’ ಎಕ್ಸ್‌ಟೆನ್ಶನ್ನಿನಲ್ಲಿ 4 ಬೈಟಿನ ಹಲವು ಇನ್‌ಸ್ಟ್ರಕ್ಷನ್‌ಗಳಿಗೆ 2 ಬೈಟಿನ ರೂಪವಿದೆ. ಇದರಿಂದ ಕೋಡ್ ಸಾಮಾನ್ಯವಾಗಿ ಶೇ. 25–30ರಷ್ಟು ಕುಗ್ಗುತ್ತದೆ ಎಂದು ಸ್ಪೆಸಿಫಿಕೇಶನ್ನೇ ಹೇಳುತ್ತದೆ. ಆದರೆ ಜಿಸಿಸಿ ಬರೆದುಕೊಡುವುದು ಮಾಮೂಲಿ ಇನ್‌ಸ್ಟ್ರಕ್ಷನ್ನನ್ನೇ. ಚಿಕ್ಕ ರೂಪ ಹಾಕುವುದು ಅದರ ನಂತರ ಬರುವ ಅಸೆಂಬ್ಲರ್, ಅದೂ ರಿಜಿಸ್ಟರ್ (ಪ್ರೊಸೆಸರಿನೊಳಗಿನ ಪುಟ್ಟ ಖಾನೆ) ಮತ್ತು ಆಫ್‌ಸೆಟ್ (ಬೇಸ್ ವಿಳಾಸದಿಂದ ಎಷ್ಟು ಬೈಟ್ ದೂರ ಎಂಬುದು) ಹೊಂದಿದರೆ ಮಾತ್ರ. ಮೆಮೊರಿಯಿಂದ 32 ಬಿಟ್‌ನ ವರ್ಡ್ ಓದುವ ಚಿಕ್ಕ ರೂಪ ಸಿ.ಎಲ್‌ಡಬ್ಲ್ಯುವಿನಲ್ಲಿ ರಿಜಿಸ್ಟರಿಗೆ ಇರುವುದು 3 ಬಿಟ್. ಹಾಗಾಗಿ ಎಸ್0, ಎಸ್1, ಎ0ರಿಂದ ಎ5 ಅಷ್ಟೇ ಸಲ್ಲುತ್ತವೆ. ಆಫ್‌ಸೆಟ್ 124 ದಾಟುವಂತಿಲ್ಲ.

ನಮ್ಮ ಮುಖ್ಯ ಸ್ಟ್ರಕ್ಟಿನ (ಒಟ್ಟಿಗಿಟ್ಟ ಡೇಟಾದ ಕಂತೆ) ತಲೆಯಲ್ಲೇ 256 ಬೈಟಿನ ಬಫರ್ ಕೂತಿತ್ತು. ಪದೇ ಪದೇ ಮುಟ್ಟುವ ಕೌಂಟರ್, ವಿಳಾಸ ಎಲ್ಲವೂ ಅದರಾಚೆ, ಅಂದರೆ 124ರ ಮಿತಿ ದಾಟಿ. ಬಫರನ್ನು ಕೊನೆಗೆ ತಳ್ಳಿದೆ, ಅಷ್ಟೇ. ಲಾಜಿಕ್ಕಿನ ಒಂದು ಸಾಲೂ ಬದಲಾಗಲಿಲ್ಲ. ಇಂಥದ್ದಕ್ಕೆಂದೇ ಜಿಸಿಸಿಯಲ್ಲಿ ಶಾರ್ಟನ್-ಮೆಮ್‌ರೆಫ್ಸ್ ಎಂಬ ಪಾಸ್ (ಕೋಡ್ ತಿದ್ದುವ ಒಂದು ಹಂತ) ಇದೆ, ದೂರದ ಆಫ್‌ಸೆಟ್‌ಗಳಿಗೆ ಹೊಸ ಬೇಸ್ ವಿಳಾಸ ಕಟ್ಟಿಕೊಡುತ್ತದೆ. ಆದರೆ ಒಂದೇ ಬ್ಲಾಕಿನಲ್ಲಿ ಅಂಥವು ಹಲವಾರು ಇದ್ದರೆ ಮಾತ್ರ ಅದು ಕೈಹಾಕುವುದು.

ಆಮೇಲೆ ಫ್ಲ್ಯಾಗ್‌ಗಳು, ಹೌದು-ಇಲ್ಲ ಎಂದು ಗುರುತಿಡುವ ವೇರಿಯಬಲ್‌ಗಳು. ಮೂಲ ‘ಸಿ’ಯಲ್ಲಿ ಬೈಟ್ ಓದಲು ಚಿಕ್ಕ ರೂಪವೇ ಇಲ್ಲ, ಅದು ಬಂದಿದ್ದು ನಂತರದ ಜೆಡ್‌ಸಿಬಿ ಎಕ್ಸ್‌ಟೆನ್ಶನ್ನಿನಲ್ಲಿ. ಹಾಗಾಗಿ 8 ಬಿಟ್‌ನ ಫ್ಲ್ಯಾಗ್‌ಗಳನ್ನೆಲ್ಲ 32 ಬಿಟ್ ಮಾಡಿದೆ. “ಸಾರ್, ಮೆಮೊರಿ ದಂಡ ಅಲ್ವಾ?” ಅಂದ ನಮ್ಮ ಹುಡುಗ. ದಂಡವೇ, ಆದರೆ ರ‍್ಯಾಮ್ ನಮ್ಮಲ್ಲಿ ಧಾರಾಳವಾಗಿತ್ತು. ಕೊರತೆ ಇದ್ದದ್ದು ಫ್ಲಾಶ್‌ಗೆ.

ಲಿಂಕರ್ ರಿಲ್ಯಾಕ್ಸೇಶನ್ನಿನ, ಅಂದರೆ ವಿಳಾಸಗಳು ಗೊತ್ತಾದ ಮೇಲೆ ಲಿಂಕರೇ ಇನ್‌ಸ್ಟ್ರಕ್ಷನ್‌ಗಳನ್ನು ಕಿರಿದು ಮಾಡುವುದರ, ಲೆಕ್ಕ ಬೇರೆ. ಫಂಕ್ಷನ್ ಕರೆ ಮೊದಲಿಗೆ 8 ಬೈಟಿನ ಜೋಡಿ. ಗುರಿ 1 ಎಂಬಿ ಒಳಗಿದ್ದರೆ 4 ಬೈಟ್, ಸುಮಾರು 2 ಕೆಬಿ ಒಳಗಿದ್ದರೆ 2. ಒಂದನ್ನೊಂದು ಕರೆಯುವ ಫಂಕ್ಷನ್‌ಗಳನ್ನು ಲಿಂಕರ್ ಸ್ಕ್ರಿಪ್ಟಿನಲ್ಲಿ ಅಕ್ಕಪಕ್ಕ ಇಟ್ಟೆ. ಗ್ಲೋಬಲ್ ವೇರಿಯಬಲ್‌ಗಳಿಗೆ, ಅವುಗಳ ಬಳಿಯ ವಿಳಾಸ ಹಿಡಿದಿರುವ ಜಿಪಿ ರಿಜಿಸ್ಟರ್ ಬಳಸಿದರೂ ಇಂಥದ್ದೇ ಉಳಿತಾಯ. ಸ್ಟಾರ್ಟಪ್ ಕೋಡಿನಲ್ಲಿ ಜಿಪಿಗೆ ಬೆಲೆ ತುಂಬುವ ಸಾಲಿಗೆ ಮಾತ್ರ ರಿಲ್ಯಾಕ್ಸೇಶನ್ ತಡೆಯುವ ನೋ-ರಿಲ್ಯಾಕ್ಸ್ ಹಾಕಲೇಬೇಕು. ಇಲ್ಲವಾದರೆ ಲಿಂಕರ್ ಆ ಸಾಲನ್ನೂ ಜಿಪಿಯನ್ನೇ ಆಧರಿಸಿ ಬರೆದು, ಜಿಪಿಯನ್ನು ಜಿಪಿಗೇ ನಕಲಿಸಿ ಕೂರುತ್ತದೆ.

ಇಷ್ಟಾದ ಮೇಲೂ ಕೋಡ್ 8 ಕೆಬಿಗಿಂತ ಚೂರು ಹೆಚ್ಚೇ ಇತ್ತು. ಸೇವ್-ರಿಸ್ಟೋರ್ ಆಯ್ಕೆ ಹಾಕಿ, ರಿಜಿಸ್ಟರ್ ಉಳಿಸುವ ಕೆಲಸವನ್ನು ಎಲ್ಲ ಫಂಕ್ಷನ್‌ಗಳಿಗೂ ಸೇರಿದ ಒಂದೇ ರುಟೀನಿಗೆ ವಹಿಸಿದೆ. ವೇಗ ಕೊಂಚ ಇಳಿಯುತ್ತದೆ, ಬೂಟ್‌ಲೋಡರಿಗೆ ಅಡ್ಡಿಯಿಲ್ಲ. ಅಪ್ಲಿಕೇಶನ್ ಬಿಲ್ಡಿಗೆ ಆ ಆಯ್ಕೆ ಕೊಟ್ಟಿಲ್ಲ.