ಚುನಾವಣೆ ಹೊತ್ತಲ್ಲಿ ಊರಿನ ವಾಟ್ಸಾಪ್ ಗ್ರೂಪ್ ಒಡೆಯದಂತೆ ನೋಡಿಕೊಳ್ಳುವುದು ಹೇಗೆ

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಊರಿನ ಗ್ರೂಪ್ ಅಂದರೆ ಬರೀ ಹರಟೆಯಲ್ಲ. ಆನೆ ಯಾರ ತೋಟಕ್ಕೆ ಇಳಿದಿದೆ, ಕರೆಂಟ್ ಯಾವಾಗ ಬರುತ್ತದೆ, ಯಾರ ಮನೆಯಲ್ಲಿ ಸಾವಾಗಿದೆ, ಎಲ್ಲ ಗೊತ್ತಾಗೋದು ಅಲ್ಲೇ. ಅದೇ ಗ್ರೂಪಿನಲ್ಲಿ ಪಕ್ಷದ ಜಗಳ ಹತ್ತಿಕೊಂಡು, ಒಂದಷ್ಟು ಜನ ಮ್ಯೂಟ್ ಮಾಡಿ, ಇನ್ನೊಂದಷ್ಟು ಜನ ಎಕ್ಸಿಟ್ ಆಗಿ, ಬೆಳಗ್ಗೆ ತೋಟದ ಕೆಲಸಕ್ಕೆ ಹೊರಟವರಿಗೆ ಆನೆ ಸುದ್ದಿ ತಲುಪದೇ ಹೋದರೆ ಜೀವಕ್ಕೇ ಕುತ್ತು.

ಹಾಗಾಗಿ ಅಡ್ಮಿನ್ ಆದವರು ಮೊದಲು ಎರಡು ಗ್ರೂಪ್ ಮಾಡಿ. ತುರ್ತು ಸುದ್ದಿಗೆ ಒಂದು, ಮಾತುಕತೆಗೆ ಇನ್ನೊಂದು. ತುರ್ತಿನ ಗ್ರೂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಮೆಸೇಜ್ ಹಾಕುವಂತೆ ಸೆಟ್ಟಿಂಗ್ ಬದಲಿಸಿ. ಪ್ರತಿ ಕೇರಿಯಿಂದ ಒಬ್ಬರನ್ನು ಅಡ್ಮಿನ್ ಮಾಡಿ, ಅವರಲ್ಲಿ ಎಲ್ಲ ಪಕ್ಷದವರೂ ಇರಲಿ. ಇದನ್ನು ಬಿಟ್ಟರೆ ಮುಂದೆ ಯಾವ ಮೆಸೇಜ್ ತೆಗೆದರೂ 'ನೀವು ಆ ಪಾರ್ಟಿಯವರು, ಅದಕ್ಕೇ ತೆಗೆದ್ರಿ' ಅಂತ ಮಾತು ಬರುತ್ತದೆ.

ಮಾತುಕತೆಯ ಗ್ರೂಪಿನಲ್ಲಿ 'ರಾಜಕೀಯ ಬೇಡ' ಅಂತ ನಿಯಮ ಹಾಕಬೇಡಿ. ಬೆಳೆ ಪರಿಹಾರ, ರಸ್ತೆ ಗುಂಡಿ, ಕುಡಿಯುವ ನೀರು ಎಲ್ಲವೂ ರಾಜಕೀಯವೇ ಅಲ್ವಾ? ನನ್ನ ಪ್ರಕಾರ ಒಂದೇ ನಿಯಮ ಸಾಕು: ಏನೇ ಹೇಳುವುದಿದ್ದರೂ ಸ್ವಂತ ಮಾತಲ್ಲಿ ಹೇಳಿ, ಫಾರ್ವರ್ಡ್ ಬೇಡ. ಟೈಪ್ ಮಾಡಲು ಬಾರದವರು ವಾಯ್ಸ್ ಮೆಸೇಜ್ ಹಾಕಲಿ. ಎದುರು ಮನೆಯವರ ಬಗ್ಗೆ ಸ್ವಂತ ದನಿಯಲ್ಲಿ ಕೆಟ್ಟದ್ದು ಹೇಳಲು ಯಾರೂ ಎರಡು ಸಲ ಯೋಚಿಸುತ್ತಾರೆ. ಬೇರೆ ಎಲ್ಲೋ ಕೂತವನು ಬರೆದಿದ್ದನ್ನು ತಳ್ಳಲು ಆ ಅಳುಕು ಇರಲ್ಲ.

ಇನ್ನೊಂದು ಗೊತ್ತಿರಲಿ. ಸಿಟ್ಟು ಬರಿಸುವ ಸುದ್ದಿ ನಿಮ್ಮ ಫೋನಿಗೆ ಜಾಸ್ತಿ ಬರುವುದು ಆಕಸ್ಮಿಕ ಅಲ್ಲ. ಯಾವ ಪೋಸ್ಟ್ ಹೆಚ್ಚು ಜನರಿಗೆ ತೋರಿಸಬೇಕು ಅನ್ನುವ ಲೆಕ್ಕದಲ್ಲಿ ಫೇಸ್‌ಬುಕ್ 2017ರಲ್ಲಿ ಸಿಟ್ಟಿನ ಇಮೋಜಿಗೆ ಲೈಕಿನ ಐದು ಪಟ್ಟು ತೂಕ ಕೊಡಲು ಶುರು ಮಾಡಿತು, ಆಮೇಲಷ್ಟೇ ಅದನ್ನು ಇಳಿಸಿತು. ವಾಟ್ಸಾಪಿನಲ್ಲಿ ಅಂಥ ಲೆಕ್ಕ ಇಲ್ಲ, ಅಲ್ಲಿ ಹಬ್ಬಿಸುವವರು ನಾವೇ. 2018ರಲ್ಲಿ ಮಕ್ಕಳ ಕಳ್ಳರು ಅನ್ನುವ ಸುಳ್ಳು ಮೆಸೇಜ್ ನಂಬಿ ಬೀದರ್ ಜಿಲ್ಲೆಯಲ್ಲಿ ಜನ ಒಬ್ಬ ಇಂಜಿನಿಯರನ್ನು ಹೊಡೆದು ಕೊಂದರು. ಅದೇ ತಿಂಗಳು ವಾಟ್ಸಾಪ್ ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದು ಕಡೆಗಷ್ಟೇ ಫಾರ್ವರ್ಡ್ ಅಂತ ಮಿತಿ ಹಾಕಲು ಹೊರಟಿತು. ಈಗ ಐದು ಅಥವಾ ಹೆಚ್ಚು ಕೈ ದಾಟಿ ಬಂದ ಮೆಸೇಜಿಗೆ ಎರಡು ಬಾಣದ ಗುರುತು ಇರುತ್ತದೆ, ಅದನ್ನು ಒಮ್ಮೆಗೆ ಒಂದೇ ಕಡೆ ಕಳಿಸಬಹುದು. ಎರಡು ಬಾಣ ಕಂಡರೆ ನಿಲ್ಲಿಸಿ. ಫೋಟೋ ಇದ್ದರೆ ಗೂಗಲ್ ಲೆನ್ಸಿನಲ್ಲಿ ಹುಡುಕಿ, ಎಷ್ಟೋ ಸಲ ಅದು ಹಳೇದು, ಬೇರೆ ರಾಜ್ಯದ್ದು ಅಂತ ಅಲ್ಲೇ ಗೊತ್ತಾಗುತ್ತದೆ.

ಯಾರಾದರೂ ಸುಳ್ಳು ಹಾಕಿದರೆ ಎಲ್ಲರ ಮುಂದೆ ತಿದ್ದಬೇಡಿ. ವಯಸ್ಸಿನಲ್ಲಿ ದೊಡ್ಡವರಾದರಂತೂ ಬೇಡವೇ ಬೇಡ. ಫೋನ್ ಮಾಡಿ: 'ಮಾವ, ಆ ವಿಡಿಯೋ ನಮ್ಮ ಕಡೇದಲ್ಲ, ನೋಡ್ದೆ ನಾನು. ನೀವೇ ಡಿಲೀಟ್ ಮಾಡ್ಬಿಡಿ.' ಅವರ ಮರ್ಯಾದೆ ಉಳಿದರೆ ಮೆಸೇಜ್ ತಾನೇ ಹೋಗುತ್ತದೆ. ಫಾರ್ವರ್ಡಿಗೆ ಎದುರು ಫಾರ್ವರ್ಡ್ ಹಾಕಿ ಯಾರ ಮನಸ್ಸನ್ನೂ ತಿರುಗಿಸಲು ಆಗಲ್ಲ. ಅಮೆರಿಕದಲ್ಲಿ ಟ್ವಿಟರ್ ಬಳಸುವವರಿಗೆ ಒಂದು ತಿಂಗಳು ಎದುರು ಪಕ್ಷದ ಮಾತನ್ನೇ ತೋರಿಸಿ ನೋಡಿದರು, ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ರಿಪಬ್ಲಿಕನ್ ಬೆಂಬಲಿಗರು ತಮ್ಮ ನಿಲುವಿಗೆ ಇನ್ನೂ ಗಟ್ಟಿಯಾಗಿ ಅಂಟಿಕೊಂಡಿದ್ದರು.

ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಇನ್ನೂ ಹುಷಾರು. ಅಲ್ಲಿ ಪಕ್ಷದ ಚಿಹ್ನೆ ಇಲ್ಲ, ನಿಂತವರು ಪಕ್ಕದ ಮನೆಯವರು, ಗೆಲ್ಲೋದು ಸೋಲೋದು ಕೆಲವೇ ಓಟಿನಲ್ಲಿ. ಫಲಿತಾಂಶದ ದಿನ ಬೆಳಗ್ಗೆಯಿಂದ ಮಾರನೇ ದಿನದವರೆಗೆ ಮಾತುಕತೆಯ ಗ್ರೂಪನ್ನೂ ಅಡ್ಮಿನ್‌ಗಳಿಗಷ್ಟೇ ಬಿಡಿ. ಸೋತವರನ್ನು ಆಡಿಕೊಳ್ಳುವ ಸ್ಟಿಕ್ಕರ್ ಆಮೇಲೆ ಬಂದರೂ ತೆಗೆಯಿರಿ, ನಿಮ್ಮ ಕಡೆಯವರು ಹಾಕಿದ್ದಾದರೆ ಎಲ್ಲಕ್ಕಿಂತ ಮೊದಲು ತೆಗೆಯಿರಿ. ಬೇಜಾರಾಗಿ ಬಿಟ್ಟುಹೋದವರಿಗೆ ಲಿಂಕ್ ಕಳಿಸಿ ಕೂರಬೇಡಿ. ಡೈರಿ ಹತ್ತಿರ ಸಿಕ್ಕಾಗ ಮಾತಾಡಿಸಿ, ಒಪ್ಪಿದರೆ ಅಲ್ಲೇ ಸೇರಿಸಿಕೊಳ್ಳಿ.