ಮನೆ ಕಾವಲಿಗೆ ಒಂದು ಪಂಪ್ ಶಾಟ್‌ಗನ್: ಆರಿಸಿದ್ದು, ಹೊಂದಿಸ್ಕೊಂಡಿದ್ದು

ಶಾಟ್‌ಗನ್ ಮನೆಗೆ ತಂದ ದಿನಾನೇ ಹೆಂಡ್ತಿ ಕೈಗೆ ಕೊಟ್ಟೆ. ಖಾಲಿ ಇದೆ ಅಂತ ಇಬ್ರೂ ಕಣ್ಣಲ್ಲಿ ನೋಡಿ, ಚೇಂಬರ್ (ನಳಿಗೆ ಹಿಂಭಾಗದಲ್ಲಿ ತೋಟಾ ಕೂರೋ ಜಾಗ) ಒಳಗೆ ಬೆರಳು ಹಾಕಿ ಮುಟ್ಟಿ ನೋಡಿದ ಮೇಲೇನೇ ಕೊಟ್ಟಿದ್ದು. ಭುಜಕ್ಕೆ ಇಟ್ಕೊಂಡ್ಳು, ಪಂಪ್, ಅಂದ್ರೆ ತೋಟಾ ಬದಲಾಯಿಸೋಕೆ ನಳಿಗೆ ಕೆಳಗೆ ಹಿಂದೆ ಮುಂದೆ ಎಳೆಯೋ ಹಿಡಿ, ಅದನ್ನ ಹಿಡಿಯೋಕೆ ಕೈ ಚಾಚಿದ್ಳು, ಪಂಪ್ ಪೂರ್ತಿ ಮುಂದೆ ಇರುವಾಗ ಬೆರಳ ತುದಿ ಅಷ್ಟೇ ತಾಗ್ತಿತ್ತು, ಭಾರ ತಡ್ಕೊಳ್ಳೋಕೆ ಸೊಂಟದಿಂದ ಮೇಲೆ ಮೈಯೆಲ್ಲ ಹಿಂದಕ್ಕೆ ವಾಲಿತ್ತು. "ಇದು ನಿಮ್ಮ ಅಳತೆದು ಕಣ್ರೀ, ನಂದಲ್ಲ" ಅಂದ್ಳು. ಅದೊಂದು ಮಾತು ನನ್ನ ಲೆಕ್ಕಾಚಾರ ಎಲ್ಲಾ ಬದಲಾಯಿಸ್ತು. ನಾನು ಊರಲ್ಲಿ ಇಲ್ಲದ ರಾತ್ರಿ ಮಕ್ಕಳ ಜೊತೆ ಒಬ್ಳೇ ಇರೋಳು ಅವ್ಳು, ಅವ್ಳಿಗೆ ಹೊಂದದೇ ಇರೋ ಕೋವಿ ಮನೇಲಿದ್ದು ಏನು ಪ್ರಯೋಜನ? ಮನೇಲಿ ಅದನ್ನ ಹಿಡಿಯೋರಲ್ಲಿ ಯಾರು ಎಲ್ಲರಿಗಿಂತ ಗಿಡ್ಡವೋ ಅವರ ಅಳತೆಗೆ ಕೋವಿ ಹೊಂದಬೇಕು, ಉಳಿದಿದ್ದೆಲ್ಲ ಆಮೇಲೆ. ನಾನು ಇದನ್ನ ತಡವಾಗಿ ಕಲಿತೆ.

ಅದಕ್ಕೂ ಮುಂಚೆ ಪಂಪೇ ಯಾಕೆ ಅಂತ ಹೇಳ್ಬಿಡ್ತೀನಿ. ಜೋಡು ನಳಿಗೆ ಕೋವಿ ಸರಳ, ಆದ್ರೆ ಎರಡೇ ಈಡು. ಸೆಮಿ ಆಟೋಮ್ಯಾಟಿಕ್ ಹೊಡೆಯೋಕೆ ಹಿತ, ಒದೆತ ಕಡಿಮೆ, ಆದ್ರೆ ದುಡ್ಡು ಜಾಸ್ತಿ, ಮತ್ತೆ ಕೆಲವು ಮಾಡೆಲ್‌ಗಳು ಕಡಿಮೆ ಬಲದ ತೋಟಾ ಹಾಕಿದ್ರೆ ಸರಿಯಾಗಿ ಓಡಲ್ಲ. ಪಂಪ್ ಆದ್ರೆ ತೋಟಾ ಬಲ ಕಡಿಮೆ ಇದ್ರೂ ಓಡುತ್ತೆ ಯಾಕಂದ್ರೆ ಅದನ್ನ ಓಡಿಸೋದು ನಮ್ಮ ಕೈ. ಕೊನೆಗೆ ಉಳಿದಿದ್ದು ರೆಮಿಂಗ್ಟನ್ 870 ಮತ್ತೆ ಮಾಸ್‌ಬರ್ಗ್ 500. 870 ಬಂದಿದ್ದು 1950ರಲ್ಲಿ, 500 ಬಂದಿದ್ದು 60ರ ದಶಕದ ಶುರುವಲ್ಲಿ, ಎರಡೂ ಇಷ್ಟು ವರ್ಷ ಬಾಳಿರೋ ವಿನ್ಯಾಸಗಳು, ಬಿಡಿಭಾಗ ಸುಲಭವಾಗಿ ಸಿಗುತ್ತೆ. ನನ್ನ ತೀರ್ಮಾನ ಆಗಿದ್ದು ಸೇಫ್ಟಿ, ಅಂದ್ರೆ ತಪ್ಪಿ ಗುಂಡು ಹಾರದ ಹಾಗೆ ತಡೆಯೋ ಗುಂಡಿ, ಎಲ್ಲಿದೆ ಅನ್ನೋದ್ರ ಮೇಲೆ. 870ರಲ್ಲಿ ಅದು ಟ್ರಿಗರ್ ಹಿಂದೆ ಅಡ್ಡಕ್ಕೆ ಒತ್ತೋ ಗುಂಡಿ, ಬಲಗೈಯವರಿಗೆ ಅಂತ ಮಾಡಿರೋದು. ಮಾಸ್‌ಬರ್ಗ್‌ನಲ್ಲಿ ಮೇಲ್ಗಡೆ, ರಿಸೀವರ್ (ಒಳಗಿನ ಯಂತ್ರ ಕೂರೋ ಲೋಹದ ಭಾಗ) ಹಿಂಭಾಗದಲ್ಲಿ, ಹೆಬ್ಬೆರಳಿಗೆ ನೇರವಾಗಿ ಸಿಗುತ್ತೆ. ನನ್ನ ಹೆಂಡ್ತಿ ಎಡಚಿ, ನಾನು ಬಲಗೈ. ಇಬ್ರಿಗೂ ಒಂದೇ ಥರ ಸಿಗೋ ಸೇಫ್ಟಿ ಬೇಕಿತ್ತು, ಅಷ್ಟಕ್ಕೇ ಮಾಸ್‌ಬರ್ಗ್. ಒಂದು ಎಚ್ಚರಿಕೆ, ಇದಕ್ಕೆ ಪಿಸ್ತೂಲ್ ಹಿಡಿ ಇರೋ ಸ್ಟಾಕ್ (ಭುಜಕ್ಕೆ ಇಟ್ಕೊಳ್ಳೋ ಹಿಂಭಾಗ) ಹಾಕಿದ್ರೆ ಆ ಮೇಲಿನ ಸೇಫ್ಟಿಗೆ ಹೆಬ್ಬೆರಳು ಎಟುಕಲ್ಲ, ಹಿಡಿತ ಬಿಟ್ಟು ಕೈ ಮೇಲೆ ತರಬೇಕಾಗುತ್ತೆ. ನೋಡೋಕೆ ಚೆನ್ನಾಗಿದೆ ಅಂತ ಹಾಕ್ಬೇಡಿ.

ಗೇಜ್ ವಿಷಯಕ್ಕೆ ನಮ್ಮಲ್ಲಿ ಸುಮಾರು ದಿನ ಚರ್ಚೆ ಆಯ್ತು. ಒಂದು ಪೌಂಡ್ ಸೀಸದಿಂದ ನಳಿಗೆ ಒಳ ಅಳತೆಯ ಗುಂಡು ಮಾಡಿದ್ರೆ ಎಷ್ಟು ಬರುತ್ತೋ ಅದೇ ಗೇಜ್, ಅದಕ್ಕೇ ಸಂಖ್ಯೆ ದೊಡ್ಡದಾದಷ್ಟು ನಳಿಗೆ ಸಣ್ಣದು. 12 ಅಂದ್ರೆ ಸುಮಾರು 18.5 ಮಿಲಿಮೀಟರ್, 20 ಅಂದ್ರೆ 15.6. ಅವ್ಳಿಗೆ 20 ಸುಲಭ ಅಂದ್ಕೊಂಡಿದ್ದೆ, ಆದ್ರೆ ಸ್ನೇಹಿತರದ್ದು ತಗೊಂಡು ಹೊಡೆದು ನೋಡಿದಾಗ ಅಂಥ ದೊಡ್ಡ ವ್ಯತ್ಯಾಸ ಕಾಣ್ಲಿಲ್ಲ, ಆ ಕೋವಿ ತೂಕದಲ್ಲೂ ಹಗುರ, ಹಗುರ ಆದಷ್ಟೂ ಒದೆತ ಚುರುಕು. 12ರಲ್ಲಿ ರೆಡ್ಯೂಸ್ಡ್ ರೀಕಾಯಿಲ್ ಅಂತ ಬರೋ, ಒದೆತ ಕಡಿಮೆ ಇರೋ ತೋಟಾ ಹಾಕಿದ್ರೆ ಎರಡೂ ಹತ್ತತ್ರ ಒಂದೇ ಅನ್ಸ್ತು, ಮತ್ತೆ ಮನೆ ಕಾವಲಿಗೆ ಆಗೋ ತೋಟಾ 12ರಲ್ಲಿ ಬಹಳ ಬಗೆ ಸಿಗುತ್ತೆ. ಇನ್ನೊಂದು ಕಾರಣಾನೂ ಇತ್ತು, ಮನೇಲಿ ಎರಡು ಗೇಜಿನ ತೋಟಾ ಇಡಬಾರದು ಅಂತ. 20ರ ತೋಟಾ ತಪ್ಪಿ 12ರ ನಳಿಗೆಗೆ ಬಿದ್ರೆ ಚೇಂಬರ್ ದಾಟಿ ಮುಂದೆ ಹೋಗಿ ಸಿಕ್ಕಾಕೊಳ್ಳುತ್ತೆ, ಹೊರಗೆ ಕಾಣಲ್ಲ, ಅದರ ಹಿಂದೆ 12ರ ತೋಟಾ ಹಾಕಿ ಹೊಡೆದ್ರೆ ನಳಿಗೆ ಸಿಡಿಯುತ್ತೆ. 20ರ ತೋಟಾ ಹಳದಿ ಬಣ್ಣದಲ್ಲಿ ಬರೋದು ಇದೇ ಕಾರಣಕ್ಕೆ. ಎರಡೂ ಇರೋ ಮನೆಗಳು ದಯವಿಟ್ಟು ಬೇರೆ ಬೇರೆ ಕಡೆ ಬೀಗ ಹಾಕಿ ಇಡಿ.

ಸ್ಟಾಕ್ ವಿಷಯಕ್ಕೆ ಬರ್ತೀನಿ. ಟ್ರಿಗರ್‌ನಿಂದ ಸ್ಟಾಕ್ ಕೊನೆವರೆಗಿನ ಅಳತೆ ನಮ್ಮದರಲ್ಲಿ ಹತ್ತತ್ರ 14 ಇಂಚು ಇತ್ತು. ಅದನ್ನ ಬಿಚ್ಚಿ ಮ್ಯಾಗ್‌ಪುಲ್ ಕಂಪನಿಯ ಎಸ್‌ಜಿಎ ಸ್ಟಾಕ್ ಹಾಕ್ದೆ, ಇದರಲ್ಲಿ ಮಧ್ಯೆ ಬಿಲ್ಲೆಗಳನ್ನ ತೆಗೆದು ಹಾಕಿ 12.5ರಿಂದ 14.5 ಇಂಚಿನವರೆಗೆ ಹೊಂದಿಸ್ಕೋಬಹುದು. ಬಿಲ್ಲೆ ಎಲ್ಲಾ ತೆಗೆದು ಅತಿ ಗಿಡ್ಡ ಮಾಡಿ ಕೊಟ್ಟೆ, ತಕ್ಷಣ ಅವ್ಳು ನಿಲ್ಲೋ ರೀತಿನೇ ಬದಲಾಯ್ತು, ಎದೆ ಮುಂದಕ್ಕೆ ಬಂತು, ಮೊಣಕೈ ಮಡಿಚ್ಕೊಂಡೇ ಪಂಪ್ ಸಲೀಸಾಗಿ ಎಳೀತಿದ್ಳು. ನಾನು ಅವ್ಳಿಗಿಂತ ಮುಕ್ಕಾಲು ಅಡಿ ಎತ್ತರ, ಗಿಡ್ಡ ಸ್ಟಾಕ್ ನನಗೇನೂ ತೊಂದ್ರೆ ಮಾಡ್ಲಿಲ್ಲ. ಉದ್ದದವರು ಗಿಡ್ಡ ಸ್ಟಾಕ್‌ಗೆ ಹೊಂದ್ಕೋಬಹುದು, ಗಿಡ್ಡ ಇರೋರು ಉದ್ದದ್ದಕ್ಕೆ ಹೊಂದ್ಕೊಳ್ಳೋಕೆ ಆಗಲ್ಲ. ಇಡೀ ಸೆಟಪ್‌ನಲ್ಲಿ ನಾನು ಖರ್ಚು ಮಾಡಿದ್ದರಲ್ಲಿ ಇದೇ ಎಲ್ಲಕ್ಕಿಂತ ಸಾರ್ಥಕ.

ಮೊದಲ ಸಲ ರೇಂಜ್‌ಗೆ ಹೋದಾಗ ನಳಿಗೆ ಕೆಳಗೆ ತೋಟಾ ತುಂಬೋ ಟ್ಯೂಬ್‌ಗೆ ಎರಡೇ ತೋಟಾ ಹೋಯ್ತು, ಐದು ಹಿಡಿಯಬೇಕಿತ್ತು. ಕೆಟ್ಟಿದ್ಯಾ ಅಂತ ಗಾಬರಿ ಆಯ್ತು. ಬಿಚ್ಚಿ ನೋಡಿದ್ರೆ ಸ್ಪ್ರಿಂಗ್ ಒಳಗೆ ಒಂದು ಮರದ ಕಡ್ಡಿ. ಹಕ್ಕಿ ಬೇಟೆಗೆ ಮೂರು ಈಡಿಗಿಂತ (ಟ್ಯೂಬಲ್ಲಿ ಎರಡು, ಚೇಂಬರಲ್ಲಿ ಒಂದು) ಹೆಚ್ಚು ಇರಬಾರದು ಅನ್ನೋ ಕಾನೂನು ಇರೋ ಕಡೆಗೆ ಅಂತ ಕಂಪನಿಯವರೇ ಹಾಕಿ ಕಳಿಸಿರ್ತಾರೆ. ನಿಮ್ಮ ಕಡೆ ಕಾನೂನು ಬಿಟ್ರೆ ತೆಗೀರಿ, ಬೇಕಾದ್ರೆ ಇರ್ಲಿ ಅಂತ ಕಡ್ಡಿ ಜೋಪಾನವಾಗಿ ಇಟ್ಕೊಳ್ಳಿ.

ಈಗ ತೋಟಾ. ಹಕ್ಕಿ ಹೊಡೆಯೋ ಸಣ್ಣ ಚರೆ ಅಭ್ಯಾಸಕ್ಕೆ ಒಳ್ಳೇದು, ಅಗ್ಗ, ಒದೆತ ಕಡಿಮೆ, ಆದ್ರೆ ಅದು ಆಳಕ್ಕೆ ಹೋಗಲ್ಲ, ನಂಬೋಕಾಗಲ್ಲ. ಹಾಗಾಗಿ ಡಬಲ್ ಓಟ್ ಬಕ್ ಅನ್ನೋ ದೊಡ್ಡ ಚರೆ (ಬಕ್‌ಶಾಟ್) ತೋಟಾ, ಒಂದೊಂದು ಚರೆ ಸುಮಾರು 8.4 ಮಿಲಿಮೀಟರ್ ದಪ್ಪ, ಸಾಮಾನ್ಯವಾಗಿ ಒಂದು ತೋಟಾದಲ್ಲಿ ಒಂಬತ್ತು. "ಶಾಟ್‌ಗನ್ ಅಂದ್ರೆ ಗುರಿ ಇಡೋದೇ ಬೇಡ, ಹರಡ್ಕೊಂಡು ಹೋಗಿ ತಾಗುತ್ತೆ" ಅಂತ ಜನ ಹೇಳ್ತಾರಲ್ಲ, ಅದನ್ನ ನಾನೂ ನಂಬಿದ್ದೆ. ಮನೆ ಒಳಗೆ ಅತಿ ಉದ್ದದ ದೂರ ಎಷ್ಟು ಅಂತ ಟೇಪ್ ಹಿಡಿದು ಅಳೆದೆ, ನಮ್ಮ ಮಲಗೋ ಕೋಣೆ ಮೂಲೆಯಿಂದ ಹಜಾರದ ಕೊನೆವರೆಗೆ ಒಂಬತ್ತು ಮೀಟರ್. ರೇಂಜ್‌ನಲ್ಲಿ ಮೂರು, ಐದು, ಏಳು, ಒಂಬತ್ತು ಮೀಟರ್‌ಗೆ ದೊಡ್ಡ ಕಾಗದ ಕಟ್ಟಿ ಒಂದೊಂದೇ ಹೊಡೆದು ನೋಡಿದ್ವಿ. ಮೂರು ಮೀಟರ್‌ನಲ್ಲಿ ಒಂದೇ ತೂತು. ಐದರಲ್ಲಿ ಮುಷ್ಟಿಯಷ್ಟೂ ಇಲ್ಲ. ಗುರಿ ಇಡದೇ ಹೊಡೆದ್ರೆ ಪೂರ್ತಿ ಪಕ್ಕಕ್ಕೇ ಹೋಗುತ್ತೆ, ಬೇರೆ ಮಾತಿಲ್ಲ. ಒಂಬತ್ತು ಮೀಟರ್‌ನಲ್ಲಿ ಮಾತ್ರ ಮೊದಲು ತಂದಿದ್ದ ತೋಟಾ ಒಂದು ಗೇಣಿಗಿಂತ ಅಗಲ ಹರಡ್ತು, ಅದರಲ್ಲೂ ಒಂಬತ್ತನೇ ಚರೆ ಪ್ರತಿ ಸಲಾನೂ ಗುಂಪು ಬಿಟ್ಟು ದೂರ ಹೋಗ್ತಿತ್ತು. ಆಮೇಲೆ ಫೆಡರಲ್‌ನವರ ಫ್ಲೈಟ್‌ಕಂಟ್ರೋಲ್ ಇರೋ ಎಂಟು ಚರೆದು ತಂದು ಅದೇ ದೂರಕ್ಕೆ ಹೊಡೆದ್ವಿ, ಎಂಟಕ್ಕೆ ಎಂಟು ಅಂಗೈ ಅಗಲದೊಳಗೆ. ತೋಟಾ ಒಳಗೆ ಚರೆ ಹಿಡ್ಕೊಂಡಿರೋ ಫ್ಲೈಟ್‌ಕಂಟ್ರೋಲ್ ಅನ್ನೋ ಪ್ಲಾಸ್ಟಿಕ್ ಬಟ್ಟಲು ನಳಿಗೆಯಿಂದ ಹೊರಗೆ ಬಂದ ಮೇಲೂ ಸ್ವಲ್ಪ ದೂರ ಚರೆನ ಬಿಡಲ್ಲ, ಅದಕ್ಕೇ ಬಿಗಿ ಗುಂಪು. ಗುಂಪಿನಿಂದ ಹೊರಗೆ ಹೋದ ಆ ಒಂದು ಚರೆ ಎಲ್ಲಿ ಹೋಗಿ ನಿಲ್ಲುತ್ತೆ ಅನ್ನೋದೇ ನನ್ನ ನಿದ್ದೆ ಕೆಡಿಸಿದ್ದು, ಯಾಕಂದ್ರೆ ಒಳಗಿನ ತೆಳು ಗೋಡೆ, ಮರದ ಹಲಗೆ ಗೋಡೆ ಇವೆಲ್ಲ ಬಕ್‌ಶಾಟ್‌ಗೆ ತಡೆನೇ ಅಲ್ಲ, ಒಂದಲ್ಲ ಹಲವು ದಾಟ್ಕೊಂಡು ಹೋಗುತ್ತೆ, ಆ ಕಡೆ ಮಕ್ಕಳ ಹಾಸಿಗೆ ಇದೆ. ಒಂದು ಭಾನುವಾರ ಇಡೀ ಮನೆ ಓಡಾಡಿ ಯಾವ ಜಾಗದಲ್ಲಿ ನಿಂತ್ರೆ ಯಾವ ದಿಕ್ಕಿನ ಹಿಂದೆ ಏನಿದೆ ಅಂತ ಕಾಗದದ ಮೇಲೆ ಗೆರೆ ಎಳೆದ್ವಿ. ಮಕ್ಕಳನ್ನ ನಮ್ಮ ಕೋಣೆಗೆ ಕರ್ಕೊಂಡು, ಬಾಗಿಲಿಗೆ ಎದುರು ಮೂಲೇಲಿ ಕೂತು, ಪೊಲೀಸರಿಗೆ ಫೋನ್ ಮಾಡಿ ಕಾಯೋದು ಅಂತ ನಿಶ್ಚಯ ಆಯ್ತು. ಆ ಮೂಲೆಯಿಂದ ಬಾಗಿಲ ಕಡೆಗೆ ನೋಡಿದ್ರೆ ಹಿಂದೆ ಇರೋದು ಇಟ್ಟಿಗೆಯ ಹೊರಗೋಡೆ. ಕೋವಿ ಹಿಡ್ಕೊಂಡು ಕತ್ತಲೇಲಿ ಮನೆ ಹುಡುಕೋಕೆ ಹೋಗೋ ಯೋಚನೆನೇ ಬಿಟ್ವಿ.

ಲೈಟ್ ಬೇಕೇ ಬೇಕು, ಯಾರು ಅಂತ ಕಾಣದೇ ಇರೋದಕ್ಕೆ ಕೋವಿ ಎತ್ತೋ ಹಾಗೇ ಇಲ್ಲ. ಸ್ಟ್ರೀಮ್‌ಲೈಟ್ ಟಿಎಲ್ ರ‍್ಯಾಕರ್ ಅಂತ ಪಂಪ್ ಜಾಗದಲ್ಲೇ ಕೂರೋ 1000 ಲ್ಯೂಮೆನ್‌ನ ಲೈಟ್ ಹಾಕಿದ್ದೀವಿ. ಆದ್ರೆ ಅದರ ಪಕ್ಕದಲ್ಲೇ ಕೈಯಲ್ಲಿ ಹಿಡಿಯೋ ಬೇರೆ ಟಾರ್ಚೂ ಇದೆ, ಅದು ಯಾಕೆ ಅಂತ ಹೇಳ್ಬೇಕು. ಕೋವಿ ತಂದು ಎರಡು ತಿಂಗಳಾಗಿತ್ತು, ಮಧ್ಯರಾತ್ರಿ ಹಜಾರದಲ್ಲಿ ಸದ್ದಾಯ್ತು. ಟಾರ್ಚ್ ಮಾತ್ರ ತಗೊಂಡು, "ಯಾರದು?" ಅಂತ ಕೂಗಿ ಬೆಳಕು ಬಿಟ್ಟೆ. ನನ್ನ ಮಗ, ನೀರಿನ ಲೋಟ ಕೈಯಲ್ಲಿ. "ಅಪ್ಪಾ, ಕಣ್ಣಿಗೆ ಹೊಡೀಬೇಡ" ಅಂದ. ಕೋವಿ ಮೇಲಿನ ಲೈಟ್ ಎಲ್ಲಿ ಬೀಳುತ್ತೋ ನಳಿಗೆನೂ ಅಲ್ಲೇ ತಿರುಗಿರುತ್ತೆ. ಅವತ್ತು ಬೆಳಗಿನ ಜಾವದವರೆಗೆ ನನಗೆ ನಿದ್ದೆ ಬರ್ಲಿಲ್ಲ. ಮನೇಲಿ ಯಾರು ಎಲ್ಲಿದ್ದಾರೆ ಅಂತ ಕೂಗಿ ಕೇಳೋದು, ಟಾರ್ಚಲ್ಲಿ ನೋಡೋದು, ಇದೇ ಮೊದಲು.

ಬೇರೆ ಸಾಮಾನು ಹಾಕಿದ್ದಕ್ಕಿಂತ ತೆಗೆದಿದ್ದೇ ಜಾಸ್ತಿ. ಪಕ್ಕದಲ್ಲಿ ಆರು ತೋಟಾ ಇಡೋ ಲೋಹದ ಪಟ್ಟಿ ಹಾಕಿ ಸ್ಕ್ರೂ ಚೆನ್ನಾಗಿ ಬಿಗಿ ಮಾಡಿದ್ದೆ, ಅದು ರಿಸೀವರ್ ಗೋಡೆನ ಹಿಂಡಿ ಪಂಪ್ ಒರಟಾಗಿ, ಕೆಲವೊಮ್ಮೆ ಅರ್ಧಕ್ಕೇ ನಿಲ್ಲೋಕೆ ಶುರುವಾಯ್ತು. ಸ್ಕ್ರೂ ಸಡಿಲ ಮಾಡಿದ್ರೆ ಸರಿ, ಆದ್ರೆ ಒದೆತಕ್ಕೆ ಬಿಚ್ಕೊಳ್ಳುತ್ತೆ. ತೆಗೆದು ವೆಲ್ಕ್ರೋದಲ್ಲಿ ಅಂಟೋ ಬಟ್ಟೆ ಪಟ್ಟಿ ಹಾಕ್ದೆ, ನಾಲ್ಕು ತೋಟಾ, ಸಾಕು. ಹೆಗಲಿಗೆ ಹಾಕೋ ಬೆಲ್ಟ್ ಕೂಡ ತೆಗೆದೆ, ಬಾಗಿಲ ಹಿಡಿಗೆ ಸಿಕ್ಕಾಕೊಳ್ತಿತ್ತು. ಗುರಿ ಇಡೋಕೆ ತುದೀಲಿರೋ ಮಣಿನೇ ಇದೆ, ಕಿತ್ತಳೆ ಬಣ್ಣ ಬಳಿದಿದ್ದೀನಿ.

ಇಡೋ ರೀತಿ. ಶಾಟ್‌ಗನ್‌ನ ಸೇಫ್ಟಿ ಸಾಮಾನ್ಯವಾಗಿ ಟ್ರಿಗರ್‌ನ ಮಾತ್ರ ತಡೆಯುತ್ತೆ, ಕೆಳಗೆ ಬಿದ್ದ ಏಟಿಗೆ ಕೋವಿ ಒಳಗಿನ ಕುದುರೆ (ತೋಟಾ ಸಿಡಿಸೋಕೆ ಹೊಡೆಯೋ ಭಾಗ) ಜಾರಿದ್ರೆ ಅದು ಕಾಪಾಡಲ್ಲ. ಅದಕ್ಕೇ ನಮ್ಮಲ್ಲಿ ಚೇಂಬರ್ ಯಾವಾಗ್ಲೂ ಖಾಲಿ, ಕುದುರೆ ಇಳಿಸಿರೋದು, ಟ್ಯೂಬಲ್ಲಿ ನಾಲ್ಕು ತೋಟಾ. ಕುದುರೆ ಇಳಿದಿದ್ರೆ ಬೇರೆ ಗುಂಡಿ ಹುಡುಕೋದು ಬೇಡ, ಪಂಪ್ ಒಂದ್ಸಲ ಹಿಂದೆ ಮುಂದೆ ಮಾಡಿದ್ರೆ ತಯಾರು. ಅದೆಲ್ಲ ಗೋಡೆಗೆ ಬೋಲ್ಟ್ ಹಾಕಿರೋ ಉಕ್ಕಿನ ಡಬ್ಬೀಲಿ, ಗುಂಡಿ ಒತ್ತೋ ಯಾಂತ್ರಿಕ ಬೀಗ, ಬ್ಯಾಟರಿ ಇಲ್ಲ. ಸಂಖ್ಯೆ ನಮ್ಮಿಬ್ರಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ಮಕ್ಕಳಿರೋ ಮನೇಲಿ ಮಂಚದ ಕೆಳಗೆ, ಬೀರು ಮೇಲೆ ಇಡೋದು ನನ್ನ ಪ್ರಕಾರ ಕ್ಷಮಿಸೋಕಾಗದ ತಪ್ಪು. ಯಾರ ಮನೇಲಾದ್ರೂ ಕೋವಿ ಕಂಡ್ರೆ ಮುಟ್ಬೇಡ, ಅಲ್ಲಿಂದ ಹೊರಗೆ ಬಾ, ದೊಡ್ಡೋರಿಗೆ ಹೇಳು ಅಂತ ಮಕ್ಕಳಿಗೆ ಬಾಯಿಪಾಠ ಮಾಡ್ಸಿದ್ದೀವಿ. ಡಬ್ಬಿ ಪಕ್ಕ ಎಲೆಕ್ಟ್ರಾನಿಕ್ ಇಯರ್ ಮಫ್ ನೇತಾಕಿದೆ, 12 ಗೇಜ್ ಸದ್ದು 150 ಡೆಸಿಬೆಲ್ ದಾಟುತ್ತೆ, ಕೋಣೆ ಒಳಗೆ ಒಂದೇ ಈಡಿಗೂ ಕಿವಿ ಶಾಶ್ವತವಾಗಿ ಹಾಳಾಗಬಹುದು.

ಲೈಸೆನ್ಸ್, ಯಾವಾಗ ಗುಂಡು ಹಾರಿಸೋಕೆ ಹಕ್ಕಿದೆ ಯಾವಾಗ ಇಲ್ಲ, ಇವು ಒಂದೊಂದು ಕಡೆ ಒಂದೊಂದು ಥರ, ನಾವು ತರೋದಕ್ಕೆ ಮುಂಚೆನೇ ವಕೀಲರ ಹತ್ರ ಕೂತು ಅರ್ಧ ದಿನ ಕೇಳಿ ತಿಳ್ಕೊಂಡ್ವಿ, ನೀವೂ ಹಾಗೇ ಮಾಡಿ.

ಅಭ್ಯಾಸದಲ್ಲಿ ಇಬ್ರಿಗೂ ಆಗ್ತಿದ್ದ ತಪ್ಪು ಒಂದೇ, ಪಂಪ್ ಪೂರ್ತಿ ಹಿಂದಕ್ಕೆ ಎಳೀದೇ ಅರ್ಧದಲ್ಲಿ ಮುಂದೆ ತಳ್ಳೋದು. ಖಾಲಿ ತೋಟಾ ಹೊರಗೆ ಹೋಗಲ್ಲ ಇಲ್ಲ ಹೊಸದು ಮೇಲೆ ಬರಲ್ಲ. "ಮೆತ್ತಗೆ ಮಾಡಿದ್ರೆ ಮುರಿಯಲ್ಲ ಅನ್ಕೋಬೇಡ, ಮೆತ್ತಗೆ ಮಾಡಿದ್ರೇನೇ ಸಿಕ್ಕಾಕೊಳ್ಳೋದು" ಅಂತ ಅವ್ಳಿಗೆ ಹೇಳ್ಕೊಟ್ಟೆ, ಡಮ್ಮಿ ತೋಟಾ ಹಾಕಿ, ನಿಜವಾದ ತೋಟಾ ಎಲ್ಲಾ ಬೇರೆ ಕೋಣೇಲಿ ಇಟ್ಟು, ವಾರಕ್ಕೆ ಎರಡ್ಸಲ ಹತ್ತು ನಿಮಿಷ ಮಾಡಿದ್ವಿ. ಒಂದು ತಿಂಗಳಿಗೆ ಕೈಗೆ ಬಂತು.

ಮೂರು ತಿಂಗಳಿಗೊಮ್ಮೆ ಟ್ಯೂಬಿನ ತೋಟಾ ಹೊರಗೆ ತೆಗೆದು ನೋಡ್ತೀವಿ. ಸ್ಪ್ರಿಂಗ್ ಒತ್ತಡಕ್ಕೆ ಪ್ಲಾಸ್ಟಿಕ್ ಸುತ್ತು ನಿಧಾನಕ್ಕೆ ಉಬ್ಬುತ್ತೆ, ಹೋದ ಸಲ ಒಂದು ಸಿಕ್ತು, ಕೈಯಲ್ಲಿ ಉರುಳಿಸಿದ್ರೇನೇ ಗೊತ್ತಾಗ್ತಿತ್ತು. ಅದನ್ನ ಬೇರೆ ತೆಗೆದಿಟ್ಟು ಹೊಸ ನಾಲ್ಕು ಹಾಕಿ, ಡಬ್ಬಿ ಬಾಗಿಲ ಒಳಗಡೆ ಅಂಟಿಸಿರೋ ಕಾಗದದ ಮೇಲೆ ತಾರೀಕು ಬರೆದೆ. ಅದೇ ಕಾಗದ, ಒಂಬತ್ತು ಮೀಟರ್‌ದು, ಎಂಟು ತೂತು ಇರೋದು. ಪಕ್ಕದಲ್ಲಿ ತೋಟಾ ಹೆಸ್ರು, ದೂರ, ಹೊಡೆದೋರ ಹೆಸ್ರು ಬರೆದಿದೆ. ಹೆಸ್ರು ಅವ್ಳದು.